ಮನೆಯ ಗಣಕಯಂತ್ರಕ್ಕೊಂದು ಬೇಲಿ

ಮಲೆನಾಡಿನ ಕಾಫಿತೋಟಗಳಲ್ಲಿ ಬೇಲಿಯೆಂಬುದು ಒಂದೇ ಬಗೆಯದಾಗಿರುವುದಿಲ್ಲ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರದ ಮಾರ್ಗವಾಗಿ ಕಳಸಕ್ಕೆ ಪ್ರಯಾಣ ಮಾಡುವವರು ಇದನ್ನು ದಾರಿಯುದ್ದಕ್ಕೂ ಕಾಣಬಹುದು. ದನಕರುಗಳನ್ನು ತಡೆಯಲು ಮುಳ್ಳುತಂತಿ ಸಾಕು; ಕಾಡಾನೆಗೆ ಅದು ಲೆಕ್ಕಕ್ಕಿಲ್ಲ. ಆದುದರಿಂದ ಆನೆಯ ಹಾವಳಿಯುಳ್ಳ ಕಡೆಗಳಲ್ಲಿ ಆಳವಾದ ಕಂದಕವನ್ನು ತೋಡುತ್ತಾರೆ. ಸೌರಶಕ್ತಿಯಿಂದ ವಿದ್ಯುತ್ತು ಹರಿಯುವ ತಂತಿಯನ್ನು ಎಳೆಯುತ್ತಾರೆ. ಮನೆಗೆ ಹೋಗುವ ಕಾಲುದಾರಿಯಲ್ಲಿ ತಡಮೆಯಿರುತ್ತದೆ. ಮನುಷ್ಯನು ಕಾಲೆತ್ತಿ ಅದನ್ನು ಸಲೀಸಾಗಿ ದಾಟಬಲ್ಲನು, ದನವು ದಾಟಲಾರದು. ಗಾಡಿಯ ದಾರಿಯಲ್ಲಿ ಉಣುಗೋಲು ಇರುತ್ತದೆ. ಎರಡು ಕಂಬಗಳಿಗೆ ತೂತು ಕೊರೆದು ಅಡ್ಡಲಾಗಿ ಗಳುಗಳನ್ನು ತೂರಿಸಿರುತ್ತಾರೆ. ಗಾಡಿ ಬಂದಾಗ ಗಳುವನ್ನು ಸರಿಸಿ, ಹೋದಮೇಲೆ ಮತ್ತೆ ಮುಚ್ಚುತ್ತಾರೆ. ಎಲ್ಲವನ್ನೂ ತಡೆಯುವ ಬೇಲಿಯಿಂದ ತೋಟದವನಿಗೆ ಪ್ರಯೋಜನವಿಲ್ಲ. ಅವನೂ ಒಳಗೆ ಹೋಗಿಬರಬೇಕಷ್ಟೆ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ವಿವೇಚನೆಯು ಬೇಲಿಯ ರಚನೆಯಲ್ಲಿಯೇ ಅಡಗಿರಬೇಕು.

ಇದೇ ವಿವೇಚನೆಯನ್ನು ಗಣಕಯಂತ್ರಕ್ಕೆ ಒದಗಿಸುವ ತಂತ್ರಾಂಶವೊಂದಿದೆ. ಅದಕ್ಕೆ ಫೈರ್‌ವಾಲ್ ಎಂದು ಹೆಸರು. ಕನ್ನಡದಲ್ಲಿ ಬೆಂಕಿಗೋಡೆ ಎಂದು ಕರೆಯುವುದುಂಟು. ಒಂದು ಕಟ್ಟಡದಲ್ಲಿ ಹತ್ತಿಕೊಂಡ ಬೆಂಕಿಯು ಪಕ್ಕದ ಕಟ್ಟಡಕ್ಕೆ ಹಬ್ಬದಂತೆ ನಡುವೆ ಕಟ್ಟುವ ದಪ್ಪಗೋಡೆಗೆ ಮೊದಲು ಈ ಹೆಸರಿತ್ತು. ನಮ್ಮ ಕಡೆಯ ಕಾಡುಗಳಲ್ಲಿ ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯವರು ಹುಲ್ಲನ್ನು ಸವರಿ ಬೆಂಕಿರೇಖೆಗಳನ್ನು ಮಾಡುವುದೂ ಇದೇ ಉದ್ದೇಶದಿಂದಲೇ. ಆದರೆ ಹೆಸರು ಸ್ವಲ್ಪ ದಾರಿತಪ್ಪಿಸುವಂಥದು. ಗೋಡೆಯಾಗಲಿ ಬೆಂಕಿರೇಖೆಯಾಗಲಿ ಏನನ್ನೂ ಆರಿಸಿ ಒಳಗೆ ಬಿಡುವುದಿಲ್ಲ, ಫೈರ್‌ವಾಲ್ ಆರಿಸುತ್ತದೆ. ತಡಮೆ ಅಥವಾ ಉಣುಗೋಲು ಎಂಬ ಹೆಸರೇ ಅದಕ್ಕೆ ಹೆಚ್ಚು ಒಪ್ಪುತ್ತಿತ್ತೆಂದು ತೋರುತ್ತದೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲದ ಸೇವೆ ದೊರೆಯತೊಡಗಿದುದು ೧೯೯೫ನೆಯ ಇಸವಿ ಆಗಸ್ಟ್ ೧೫ರಂದು. ಮಹಾನಗರಗಳಿಂದ ಅದು ಮಲೆನಾಡಿನ ಮನೆಗಳಿಗೆ ಬಂದುದು ಟೆಲಿಫೋನಿನ ತಂತಿಯ ಮೂಲಕ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಸಂಪರ್ಕವಿಲ್ಲದಂತಾಗುತ್ತಿತ್ತು. ಆದರೂ ಗಣಕಯಂತ್ರವು ಇಲ್ಲಿಯವರಿಗೆ ಅಪರಿಚಿತವಾಗಿ ಉಳಿಯಲಿಲ್ಲ. ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಗಣಕದಲ್ಲಿ ಕನ್ನಡದ ಬಳಕೆಗಾಗಿ ಬಹಳವಾಗಿ ಶ್ರಮಿಸಿದವರು. ಇಂದಂತೂ ತೋಟದ ಮನೆಯಲ್ಲಿ ಗಣಕಯಂತ್ರವಿರುವುದು ವಿಶೇಷವೇನಲ್ಲ. ಅರೇಬಿಕಾ ಕಾಫಿಗೆ ನ್ಯೂಯಾರ್ಕಿನಲ್ಲಿ, ರೊಬಸ್ಟಾ ಕಾಫಿಗೆ ಲಂಡನ್ನಿನಲ್ಲಿ ಅಂದು ಎಷ್ಟು ಬೆಲೆ ನಡೆದಿದೆಯೆಂಬುದನ್ನು ಬೆಳೆಗಾರನು ಮನೆಯಲ್ಲಿಯೇ ತಿಳಿಯುತ್ತಾನೆ. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರೊಳಗೇ ಇರುತ್ತವೆ.

ಇವುಗಳೊಂದಿಗೆ ಮತ್ತೊಂದು ಸಂಗತಿಯೂ ಇರುವುದುಂಟು. ಕಾಫಿ ಬೆಳೆಗಾರರು ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಅಳೆದು ದಿನದಿನವೂ ಬರೆದಿಡುವರು. ಹೂಮಳೆ ಯಾವ ದಿನ ಬಂತು, ಎಷ್ಟು ಬಂತು ಎಂಬುದರ ಮೇಲೆ ಬರುವ ವರ್ಷದ ಫಸಲು ನಿಂತಿರುತ್ತದೆ. ಅಜ್ಜನು ಬರೆಯತೊಡಗಿದ ಮಳೆಯ ಲೆಕ್ಕವನ್ನು ಮೊಮ್ಮಗಳು ಗಣಕಕ್ಕೆ ಏರಿಸಿದ್ದಾಳೆ, ಹಳೆಯ ಪುಸ್ತಕವನ್ನು ಗೆದ್ದಲು ತಿಂದುಹೋಗಿದೆ ಎಂದು ಊಹಿಸಿಕೊಳ್ಳಿರಿ. ಆ ಲೆಕ್ಕವು ಅಳಿಸಿಹೋದರೆ ಯಾವ ಅಂಗಡಿಯಲ್ಲಿ ಅದನ್ನು ಮತ್ತೆ ಕೊಳ್ಳಲಾದೀತು? ಹಣ ಹೋಗುವುದೊಂದೇ ನಷ್ಟವಲ್ಲ.

"ಈ ಕಾಡಿನ ಮೂಲೆಯಲ್ಲಿರುವ ನಮ್ಮ ಗಣಕವನ್ನು ಹುಡುಕಿಕೊಂಡು ಯಾರು ಬರುತ್ತಾರೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದೇ. ಮಲೆನಾಡಿನಲ್ಲಿ ದೂರವೇ ಒಂದು ರಕ್ಷಣೆ. ಭದ್ರಾನದಿ ತುಂಬಿ ಹರಿದು ಹೆಬ್ಬಾಳೆಯ ಸೇತುವೆ ಮುಳುಗಿದ ದಿನಗಳಲ್ಲಿ ಕಳಸದಿಂದ ಹೊರನಾಡಿಗೆ ಆ ದಾರಿಯಲ್ಲಿ ಹೋಗುವುದೇ ಸಾಧ್ಯವಾಗುತ್ತಿರಲಿಲ್ಲ. ಅಂತರಜಾಲದಲ್ಲಾದರೋ ನದಿಯಿಲ್ಲ, ಘಾಟಿಯಿಲ್ಲ. ಅಲ್ಲಿ ಕಳಸಕ್ಕೂ ಬೆಂಗಳೂರಿಗೂ ಕಳಸಕ್ಕೂ ಚಿಕಾಗೊ ನಗರಕ್ಕೂ ಇರುವ ಅಂತರವು ಕಣ್ಣೆವೆ ಮುಚ್ಚಿ ತೆರೆಯುವಷ್ಟರದು.

ಅಲ್ಲದೆ ಅಲ್ಲಿ ಹುಡುಕಿಕೊಂಡು ಬರುವವನು ಮನುಷ್ಯನೂ ಅಲ್ಲ. ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಸಂಪರ್ಕಕ್ಕೂ ಸಂಖ್ಯೆಯ ರೂಪದ ಒಂದು ವಿಳಾಸವಿರಬೇಕು. ಮೊದಲಿನಿಂದ ಬಂದ ಪದ್ಧತಿಯಲ್ಲಿ ಅದು ನಾಲ್ಕು ಸಂಖ್ಯೆಗಳ ಗುಂಪು. ಒಂದೊಂದು ಸಂಖ್ಯೆಯೂ ೦ಯಿಂದ ೨೫೫ರವರೆಗೆ ಇರಬಹುದು. ಹೀಗೆ ಸಾಧ್ಯವಾಗುವ ಒಟ್ಟು ವಿಳಾಸಗಳು ಸುಮಾರು ೪೨೯ ಕೋಟಿ. ಈ ಸಂಖ್ಯೆ ಅಪಾರವೆಂದು ತೋರಬಹುದು. ಆದರೆ ೨೦೧೩ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ರಚಿಸಿದ ಒಂದು ತಂತ್ರಾಂಶವು, ಒಂದೇ ಒಂದು ಗಣಕದಿಂದ, ಅಷ್ಟೂ ಸಾರ್ವಜನಿಕ ವಿಳಾಸಗಳನ್ನು ಮುಕ್ಕಾಲು ಗಂಟೆಯೊಳಗೆ ತಟ್ಟಿನೋಡಬಲ್ಲುದಾಗಿತ್ತು. ಸಂಶೋಧಕರ ಉದ್ದೇಶ ಅಧ್ಯಯನ. ದುರುದ್ದೇಶವುಳ್ಳವರ ಕೈಗೂ ಅಂಥ ಸಾಧನಗಳು ಸಿಕ್ಕಿವೆ. ಅವರ ತಂತ್ರಾಂಶವು ಹಗಲಿರುಳೂ ವಿಳಾಸಗಳ ಸಾಲನ್ನು ತಟ್ಟುತ್ತ ಹೋಗುತ್ತದೆ. ಅದಕ್ಕೆ ಕಳಸವೆಂದರೇನೆಂದು ಗೊತ್ತಿಲ್ಲ. ಬಾಗಿಲು ತೆರೆಯಿತೆ ಇಲ್ಲವೆ ಎಂಬುದೊಂದೇ ಅದಕ್ಕೆ ಬೇಕಾದುದು.

ಈ ಬಾಗಿಲು ಎಂದರೇನೆಂಬುದನ್ನು ಈಗ ನೋಡೋಣ. ಅಂತರಜಾಲದಲ್ಲಿ ಮಾಹಿತಿಯು ಹೊಳೆಯ ನೀರಿನಂತೆ ಅಖಂಡವಾಗಿ ಹರಿಯುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳುಹಿಸುತ್ತಾರೆ. ಪ್ರತಿಯೊಂದು ಪೊಟ್ಟಣದ ಮೇಲೂ ಕಳುಹಿಸಿದವರ ವಿಳಾಸ, ತಲುಪಬೇಕಾದ ವಿಳಾಸ ಇವೆರಡೂ ಇರುತ್ತವೆ. ಇವುಗಳ ಜೊತೆಗೆ, ತಲುಪಿದ ಗಣಕದಲ್ಲಿ ಅದು ಯಾವ ಕೆಲಸಕ್ಕೆ ಸೇರಿದ್ದೆಂದು ತಿಳಿಸುವ ಇನ್ನೊಂದು ಸಂಖ್ಯೆಯೂ ಇರುತ್ತದೆ. ಅದನ್ನು ಪೋರ್ಟ್ ಎನ್ನುತ್ತಾರೆ. ನಾವು ಬಾಗಿಲು ಎಂದು ಕರೆಯೋಣ. ಒಂದು ವಿಳಾಸಕ್ಕೆ ಇಂತಹ ಅರವತ್ತೈದು ಸಾವಿರಕ್ಕೂ ಹೆಚ್ಚು ಬಾಗಿಲುಗಳಿರಬಹುದು. ಜಾಲತಾಣಗಳ ಪುಟಗಳು ೮೦ ಮತ್ತು ೪೪೩ನೆಯ ಬಾಗಿಲುಗಳಲ್ಲಿ ದೊರೆಯುತ್ತವೆ. ಅಂಚೆಯನ್ನು ಸಾಗಿಸುವ ಗಣಕಗಳು ೨೫ನೆಯ ಬಾಗಿಲಲ್ಲಿ ಮಾತನಾಡುತ್ತವೆ. ವಿಂಡೋಸ್ ವ್ಯವಸ್ಥೆಯುಳ್ಳ ಗಣಕಗಳು ತಮ್ಮತಮ್ಮೊಳಗೆ ಕಡತಗಳನ್ನು ಹಂಚಿಕೊಳ್ಳಲು ೪೪೫ನೆಯ ಬಾಗಿಲನ್ನು ಬಳಸುತ್ತವೆ. ಯಾವುದಾದರೂ ತಂತ್ರಾಂಶವು ಕುಳಿತು ಕಾಯುತ್ತಿದ್ದರೆ ಮಾತ್ರ ಬಾಗಿಲು ತೆರೆದಂತೆ. ತೊಂದರೆಯೆಂದರೆ, ಮನೆಯವರಿಗೆ ತಿಳಿಯದಂತೆಯೇ ಕೆಲವು ಬಾಗಿಲುಗಳಲ್ಲಿ ಗಣಕದ ಮೂಲವ್ಯವಸ್ಥೆಯು ತನ್ನ ಆಳುಗಳನ್ನು ಕೂರಿಸಿರುತ್ತದೆ.

ಫೈರ್‌ವಾಲ್ ಈ ಎಲ್ಲ ಬಾಗಿಲುಗಳ ಮುಂದೆ ನಿಂತು, ಬರುವ ಪೊಟ್ಟಣಗಳ ಮೇಲ್ಬರಹವನ್ನು ಓದುತ್ತದೆ. ಅದರ ಬಳಿ ನಿಯಮಗಳ ಒಂದು ಪಟ್ಟಿಯಿರುತ್ತದೆ. ಇಂತಹ ವಿಳಾಸದಿಂದ ಇಂತಹ ಬಾಗಿಲಿಗೆ ಬಂದುದನ್ನು ಬಿಡು, ಇಂತಹುದನ್ನು ಬಿಡಬೇಡ ಎಂದು ಪಟ್ಟಿಯು ಹೇಳುತ್ತದೆ. ಪಟ್ಟಿಯಲ್ಲಿಲ್ಲದುದು ಬಂದರೆ ಏನು ಮಾಡಬೇಕು? ಒಳ್ಳೆಯ ಫೈರ್‌ವಾಲಿನಲ್ಲಿ ಇದಕ್ಕೆ ಉತ್ತರ ಒಂದೇ: ಬಿಡಕೂಡದು. ಎಷ್ಟೋ ಸಲ ಅದು "ಇಲ್ಲಿ ಪ್ರವೇಶವಿಲ್ಲ" ಎಂಬ ಉತ್ತರವನ್ನು ಕೂಡ ಕೊಡದೆ ಪೊಟ್ಟಣವನ್ನು ಸುಮ್ಮನೆ ಬಿಸಾಡಿಬಿಡುತ್ತದೆ. ತಟ್ಟಿದವನಿಗೆ ಆ ಮನೆಯಲ್ಲಿ ಜನರಿದ್ದಾರೆಯೆ ಎಂಬುದೇ ತಿಳಿಯುವುದಿಲ್ಲ.

ಇಲ್ಲಿ ಒಂದು ಸಂದೇಹ ಏಳಬೇಕು. ಹೊರಗಿನಿಂದ ಬಂದುದನ್ನೆಲ್ಲ ಹೀಗೆ ಬಿಸಾಡಿದರೆ, ನಾವು ಕೇಳಿದ ಕಾಫಿಯ ಬೆಲೆಯು ಒಳಗೆ ಬರುವುದಾದರೂ ಹೇಗೆ? ಅದೂ ಹೊರಗಿನಿಂದಲೇ ಬರಬೇಕಲ್ಲವೆ? ಮೊದಮೊದಲಿನ ಫೈರ್‌ವಾಲುಗಳು ಈ ತೊಡಕಿನಿಂದ ಬಹಳ ಕಷ್ಟಪಟ್ಟವು. ಪ್ರತಿಯೊಂದು ಪೊಟ್ಟಣವನ್ನೂ ಅವು ಆಗತಾನೆ ಕಂಡ ಅಪರಿಚಿತನಂತೆ ಪರೀಕ್ಷಿಸುತ್ತಿದ್ದವು. ಆಮೇಲೆ ಬಂದ ಫೈರ್‌ವಾಲುಗಳಿಗೆ ನೆನಪಿನ ಶಕ್ತಿಯನ್ನು ಕೊಡಲಾಯಿತು. ಒಳಗಿನ ಗಣಕವು ಯಾವ ವಿಳಾಸದ ಯಾವ ಬಾಗಿಲಿಗೆ ಪ್ರಶ್ನೆ ಕಳುಹಿಸಿತು ಎಂಬುದನ್ನು ಅವು ಗುರುತು ಹಾಕಿಕೊಳ್ಳುತ್ತವೆ. ಅಲ್ಲಿಂದ ಉತ್ತರ ಬಂದಾಗ, ಇದು ನಾವು ಕರೆಸಿದುದು ಎಂದು ತಿಳಿದು ಒಳಗೆ ಬಿಡುತ್ತವೆ. ಕರೆಯದೆ ಬಂದುದು ಹೊರಗೇ ಉಳಿಯುತ್ತದೆ. ಇಂದಿನ ಫೈರ್‌ವಾಲಿನ ಬಲವೆಲ್ಲ ಈ ನೆನಪಿನಲ್ಲಿದೆ. ಅದರ ದೌರ್ಬಲ್ಯವೂ ಇಲ್ಲಿಯೇ ಇದೆ. ಅದನ್ನು ಮುಂದೆ ನೋಡುವೆವು.

ಇಂತಹ ಕಾವಲು ಮೊದಲು ಬಂದುದು ದೊಡ್ಡ ಸಂಸ್ಥೆಗಳಿಗೆ. ೧೯೮೮ರ ನವೆಂಬರ್ ೨ರಂದು ಅಮೆರಿಕದ ಒಬ್ಬ ವಿದ್ಯಾರ್ಥಿಯು ಬಿಟ್ಟ, ತನ್ನಷ್ಟಕ್ಕೆ ತಾನೇ ಹರಡುವ ಒಂದು ತಂತ್ರಾಂಶವು ಅಂದಿನ ಅಂತರಜಾಲದ ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿತು. ಹೀಗೆ ಹರಡುವ ತಂತ್ರಾಂಶಕ್ಕೆ ಹುಳು ಎಂಬ ಹೆಸರು ನಿಂತಿತು. ಕಾಫಿಗಿಡಕ್ಕೆ ಕಾಂಡಕೊರಕ ಹುಳುವಿನ ಕಾಟ ಎಂಥದೆಂದು ಬಲ್ಲವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ವಿಶ್ವವಿದ್ಯಾನಿಲಯಗಳೂ ವ್ಯಾಪಾರ ಸಂಸ್ಥೆಗಳೂ ಎಚ್ಚೆತ್ತು ತಮ್ಮ ಜಾಲದ ಹೆಬ್ಬಾಗಿಲಿಗೆ ಫೈರ್‌ವಾಲುಗಳನ್ನು ಹಾಕಿಕೊಂಡವು. ಮನೆಯ ಗಣಕಕ್ಕೆ ಮಾತ್ರ ಬಹುಕಾಲ ಯಾವ ಬೇಲಿಯೂ ಇರಲಿಲ್ಲ. ಅದರ ಫಲ ೨೦೦೩ರಲ್ಲಿ ಕಂಡಿತು.

ಆ ವರ್ಷ ಜುಲೈ ೧೬ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ವ್ಯವಸ್ಥೆಯಲ್ಲಿ ಒಂದು ದೋಷವಿರುವುದನ್ನು ಪ್ರಕಟಿಸಿ, ಅದನ್ನು ಮುಚ್ಚುವ ತೇಪೆಯನ್ನೂ ಬಿಡುಗಡೆ ಮಾಡಿತು. ವಿಂಡೋಸ್ ೨೦೦೦ ಮತ್ತು ವಿಂಡೋಸ್ ಎಕ್ಸ್‌ಪಿ ಇರುವ ಗಣಕಗಳ ೧೩೫ನೆಯ ಬಾಗಿಲಲ್ಲಿ ಕಾಯುತ್ತಿದ್ದ ಒಂದು ಸೇವೆಗೆ ಸಂಬಂಧಿಸಿದ ದೋಷವದು. ಸುದ್ದಿಯು ಮನೆಮನೆಗೆ ತಲುಪುವ ಮೊದಲೇ, ಒಂದು ತಿಂಗಳೂ ತುಂಬದೆ, ಆಗಸ್ಟ್ ೧೧ರಂದು ಬ್ಲಾಸ್ಟರ್ ಎಂಬ ಹುಳು ಹೊರಬಿತ್ತು. ಗಾತ್ರದಲ್ಲಿ ಅದು ಆರು ಸಾವಿರ ಬೈಟುಗಳಿಗಿಂತ ಸ್ವಲ್ಪ ಹೆಚ್ಚು. ನಿಮ್ಮ ಪಠ್ಯಪುಸ್ತಕದ ಕೆಲವೇ ಪುಟಗಳಲ್ಲಿ ಅಷ್ಟು ಅಕ್ಷರಗಳಿರುತ್ತವೆ. ಅದು ಕೆಲಸ ಮಾಡುತ್ತಿದ್ದ ಬಗೆಯನ್ನು ಗಮನಿಸಿರಿ. ಹುಳು ತಗುಲಿದ ಗಣಕವು ವಿಳಾಸಗಳ ಸಾಲನ್ನು ಹಿಡಿದು ೧೩೫ನೆಯ ಬಾಗಿಲುಗಳನ್ನು ತಟ್ಟುತ್ತಿತ್ತು. ತೆರೆದ ಬಾಗಿಲು ಸಿಕ್ಕಿದೊಡನೆ ದೋಷವುಳ್ಳ ಸೇವೆಗೆ ಒಂದು ವಿಕೃತ ಸಂದೇಶವನ್ನು ಕೊಟ್ಟು, ಆ ಗಣಕದಲ್ಲಿ ೪೪೪೪ನೆಯ ಹೊಸ ಬಾಗಿಲೊಂದನ್ನು ತೆರೆಯಿಸುತ್ತಿತ್ತು. ಅದರ ಮೂಲಕ ಆಜ್ಞೆಯಿತ್ತು, ಹುಳುವಿನ ಪ್ರತಿಯನ್ನು ಆ ಗಣಕವೇ ಹೊರಗಿನಿಂದ ತರಿಸಿಕೊಳ್ಳುವಂತೆ ಮಾಡುತ್ತಿತ್ತು. ಎಂದರೆ ಕಳ್ಳನು ಕಿಟಕಿಯಿಂದ ಕೈಚಾಚಿ, ಮನೆಯ ಆಳಿನಿಂದಲೇ ತನ್ನ ಗಂಟನ್ನು ಒಳಕ್ಕೆ ಹೊರಿಸಿದಂತೆ. ಆಮೇಲೆ ಆ ಗಣಕವೂ ಇತರರ ಬಾಗಿಲನ್ನು ತಟ್ಟಲು ಹೊರಡುತ್ತಿತ್ತು.

ಮನೆಯವರು ಯಾವ ತಪ್ಪನ್ನೂ ಮಾಡಿರಬೇಕಾಗಿರಲಿಲ್ಲ. ಅಪರಿಚಿತರ ಪತ್ರವನ್ನು ತೆರೆದವರಲ್ಲ, ಕೆಟ್ಟ ತಾಣಕ್ಕೆ ಹೋದವರೂ ಅಲ್ಲ. ಅಂತರಜಾಲಕ್ಕೆ ಗಣಕವನ್ನು ಜೋಡಿಸಿದರು, ಅಷ್ಟೆ. ಕೆಲವೇ ನಿಮಿಷಗಳಲ್ಲಿ ತೆರೆಯ ಮೇಲೆ ಒಂದು ಎಚ್ಚರಿಕೆ ಮೂಡುತ್ತಿತ್ತು. ಅರವತ್ತು ಸೆಕೆಂಡುಗಳು ಹಿಂದುಹಿಂದಕ್ಕೆ ಎಣಿಸಲ್ಪಟ್ಟು ಗಣಕವು ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ತೇಪೆಯನ್ನು ಅಂತರಜಾಲದಿಂದ ತರಿಸೋಣವೆಂದು ಮತ್ತೆ ಜೋಡಿಸಿದರೆ ಮತ್ತೆ ಅದೇ ಎಣಿಕೆ! ಟೆಲಿಫೋನ್ ತಂತಿಯ ನಿಧಾನದ ಸಂಪರ್ಕವಿದ್ದವರ ಪಾಡನ್ನು ಹೇಳತೀರದು. ತೇಪೆ ಪೂರ್ತಿಯಾಗಿ ಇಳಿದು ಬರುವಷ್ಟರಲ್ಲಿ ಗಣಕವು ಆರಿಹೋಗುತ್ತಿತ್ತು. ಮದ್ದಿಗೆಂದು ಹೋಗುವ ದಾರಿಯಲ್ಲಿಯೇ ಹುಲಿ ಕುಳಿತಂತಾಯಿತು.

ಇದಕ್ಕೆ ಪರಿಹಾರವು ಆ ಗಣಕದೊಳಗೇ ಇತ್ತೆಂಬುದು ವಿಚಿತ್ರ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಸಾಮಾನ್ಯ ಫೈರ್‌ವಾಲ್ ಆಗಲೇ ಅಡಕವಾಗಿತ್ತು. ಆದರೆ ಅದನ್ನು ಚಾಲೂ ಮಾಡದೆ ಬಿಟ್ಟಿದ್ದರು. ಅದು ಇದೆಯೆಂಬುದೇ ಬಹುಮಂದಿಗೆ ತಿಳಿದಿರಲಿಲ್ಲ. ತಂತಿಯನ್ನು ಬಿಚ್ಚಿ, ಮೊದಲು ಆ ಫೈರ್‌ವಾಲನ್ನು ಚಾಲೂ ಮಾಡಿ, ಆಮೇಲೆ ಸಂಪರ್ಕ ಕೊಟ್ಟರೆ ೧೩೫ನೆಯ ಬಾಗಿಲಿಗೆ ಬಂದ ಕರೆಯದ ಪೊಟ್ಟಣಗಳೆಲ್ಲ ಹೊರಗೇ ಉದುರುತ್ತಿದ್ದವು. ತೇಪೆಯಾದರೋ ನಾವು ಕರೆಸಿದುದಾದ್ದರಿಂದ ಒಳಗೆ ಬರುತ್ತಿತ್ತು. ದೋಷವನ್ನು ಫೈರ್‌ವಾಲ್ ಸರಿಪಡಿಸಲಿಲ್ಲ, ಸರಿಪಡಿಸಿಕೊಳ್ಳಲು ಸಮಯ ಕೊಟ್ಟಿತು. ಈ ವ್ಯತ್ಯಾಸವನ್ನು ಚೆನ್ನಾಗಿ ತಿಳಿಯಬೇಕು. ಫೈರ್‌ವಾಲ್ ಇದೆಯೆಂದು ತೇಪೆಗಳನ್ನು ಹಾಕದಿರುವವನು, ಬೇಲಿ ಇದೆಯೆಂದು ಮನೆಗೆ ಬಾಗಿಲನ್ನೇ ಇಡದವನಂತೆ. ಮರುವರ್ಷ, ೨೦೦೪ರ ಆಗಸ್ಟಿನಲ್ಲಿ, ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ದೊಡ್ಡ ಪರಿಷ್ಕರಣೆಯಲ್ಲಿ ಫೈರ್‌ವಾಲ್ ಮೊದಲಿನಿಂದಲೇ ಚಾಲೂ ಆಗಿರುವಂತೆ ಮಾಡಲಾಯಿತು. ಇಂದು ಕೊಳ್ಳುವ ವಿಂಡೋಸ್ ಗಣಕಗಳಲ್ಲಿಯೂ ಹಾಗೆಯೇ ಇರುತ್ತದೆ.

ಇದಕ್ಕೂ ಕೆಲವು ವರ್ಷ ಮೊದಲೇ, ಮನೆಯ ಗಣಕಕ್ಕೆಂದೇ ಬೇರೆ ಸಂಸ್ಥೆಗಳು ಮಾಡಿದ ಫೈರ್‌ವಾಲ್ ತಂತ್ರಾಂಶಗಳು ಬಂದಿದ್ದವು. ಅವುಗಳಲ್ಲಿ ಜೋನ್‌ಅಲಾರ್ಮ್ ಎಂಬುದು ಹೆಸರಾದುದು. ಮನೆಬಳಕೆಗೆ ಅದನ್ನು ಉಚಿತವಾಗಿ ಪಡೆಯಬಹುದಾಗಿತ್ತು. ಅದರ ವೈಶಿಷ್ಟ್ಯವೆಂದರೆ ಒಳಗೆ ಬರುವುದನ್ನಷ್ಟೇ ಅಲ್ಲದೆ ಹೊರಗೆ ಹೋಗುವುದನ್ನೂ ತಡೆದು ಕೇಳುವುದು. ಹೆಬ್ಬಾಗಿಲಿನ ಕಾವಲುಗಾರನಿಗೆ ಹೊರಟುಬಂದ ಪೊಟ್ಟಣ ಮಾತ್ರ ಕಾಣುತ್ತದೆ. ಅದನ್ನು ಕಳುಹಿಸಿದ ತಂತ್ರಾಂಶ ಯಾವುದೆಂದು ತಿಳಿಯದು. ಗಣಕದೊಳಗೇ ಕುಳಿತ ಕಾವಲುಗಾರನಿಗೆ ಅದು ತಿಳಿಯುತ್ತದೆ. "ಇಂತಹ ತಂತ್ರಾಂಶವು ಅಂತರಜಾಲವನ್ನು ಸೇರಲು ಬಯಸುತ್ತಿದೆ, ಬಿಡಲೆ?" ಎಂದು ಅದು ಮನೆಯವರನ್ನು ಕೇಳುತ್ತಿತ್ತು. ಒಳಗೆ ಹೇಗೋ ಸೇರಿಕೊಂಡ ದುಷ್ಟ ತಂತ್ರಾಂಶವು ನಮ್ಮ ಗುಟ್ಟುಗಳನ್ನು ಹೊರಗೆ ಸಾಗಿಸಲು ಹೊರಟಾಗ ಈ ಪ್ರಶ್ನೆಯಿಂದ ಸಿಕ್ಕಿಬೀಳುವ ಸಾಧ್ಯತೆಯಿತ್ತು.

ಆದರೆ ಈ ಉಪಾಯಕ್ಕೆ ಮನುಷ್ಯಸ್ವಭಾವವೇ ಅಡ್ಡಿಯಾಯಿತು. ದಿನಕ್ಕೆ ಇಪ್ಪತ್ತು ಸಲ "ಬಿಡಲೆ?" ಎಂದು ಕೇಳಿದರೆ ಇಪ್ಪತ್ತೊಂದನೆಯ ಸಲಕ್ಕೆ ಯಾರು ತಾನೆ ಓದುತ್ತಾರೆ? "ಬಿಡು" ಎಂಬ ಗುಂಡಿಯನ್ನು ಒತ್ತುವುದು ಕೈಗೆ ಅಭ್ಯಾಸವಾಗಿಬಿಡುತ್ತದೆ. ಇನ್ನು, ಇಂದು ಇಷ್ಟು ಸಾವಿರ ಆಕ್ರಮಣಗಳನ್ನು ತಡೆದೆನೆಂದು ಲೆಕ್ಕ ತೋರಿಸಿ ಹೆದರಿಸುವ ಫೈರ್‌ವಾಲುಗಳೂ ಇದ್ದವು. ಅವುಗಳಲ್ಲಿ ಬಹುಪಾಲು, ಮೇಲೆ ಹೇಳಿದಂತೆ, ಸಾಲಾಗಿ ಎಲ್ಲರ ಮನೆಯನ್ನೂ ತಟ್ಟುತ್ತ ಹೋಗುವ ಯಂತ್ರಗಳ ಸದ್ದು. ಮಳೆಗಾಲದಲ್ಲಿ ಹಂಚಿನ ಮೇಲೆ ಬಿದ್ದ ಹನಿಗಳನ್ನು ಎಣಿಸಿ ಹೇಳಿದಂತೆ ಅದು. ಲೆಕ್ಕಕ್ಕೆ ಹೆದರಬೇಕಾದುದಿಲ್ಲ, ಸೂರು ಸೋರುತ್ತಿದೆಯೆ ಎಂದು ನೋಡಿದರೆ ಸಾಕು. ವಿಂಡೋಸಿನ ಸ್ವಂತ ಫೈರ್‌ವಾಲ್ ಈ ವಿಷಯದಲ್ಲಿ ಮಿತಭಾಷಿ. ಹೊರಗೆ ಹೋಗುವುದನ್ನು ಅದು ಸಾಮಾನ್ಯವಾಗಿ ತಡೆಯುವುದಿಲ್ಲ. ಯಾವುದಾದರೂ ತಂತ್ರಾಂಶವು ಹೊಸ ಬಾಗಿಲನ್ನು ತೆರೆದು ಹೊರಗಿನವರಿಗಾಗಿ ಕಾಯತೊಡಗಿದಾಗ ಮಾತ್ರ ಅನುಮತಿ ಕೇಳುತ್ತದೆ. ಅದು ಅಪರೂಪಕ್ಕೆ ಕೇಳುವುದರಿಂದಲೇ, ಕೇಳಿದಾಗ ನಿಂತು ಓದಬೇಕು. ನಾವು ತಾನಾಗಿ ತೆರೆಯದ, ಹೆಸರೇ ಕೇಳದ ತಂತ್ರಾಂಶವಾದರೆ "ಬೇಡ" ಎಂದರೆ ನಷ್ಟವಿಲ್ಲ. ಬೇಕಾದುದಾಗಿದ್ದರೆ ಆಮೇಲೆ ಅನುಮತಿ ಕೊಡಬಹುದು.

ಈಗ ಫೈರ್‌ವಾಲಿನ ದೌರ್ಬಲ್ಯಕ್ಕೆ ಬರೋಣ. ಕರೆಯದೆ ಬಂದವರನ್ನು ಅದು ತಡೆಯುತ್ತದೆ. ನಾವೇ ಕರೆದುಕೊಂಡು ಬಂದವರನ್ನು ತಡೆಯುವುದಿಲ್ಲ. ೨೦೦೦ದ ಮೇ ತಿಂಗಳಿನಲ್ಲಿ ಪ್ರೇಮಪತ್ರದ ಸೋಗಿನಲ್ಲಿ ವಿದ್ಯುನ್ಮಾನ ಅಂಚೆಯ ಮೂಲಕ ಹರಡಿದ ಹುಳುವು ಲೋಕದಾದ್ಯಂತ ಹಾವಳಿಯೆಬ್ಬಿಸಿತು. ಅಂಚೆಯನ್ನು ತರಿಸಿಕೊಂಡವರೂ, ಅದರೊಳಗಿನ ಕಡತವನ್ನು ತೆರೆದವರೂ ಮನೆಯವರೇ. ಬಾಗಿಲ ಕಾವಲುಗಾರನು ಏನು ತಾನೆ ಮಾಡಬಲ್ಲನು? ಗೆಳೆಯನಿಂದ ತಂದ ಪೆನ್‌ಡ್ರೈವಿನ ಮಾತೂ ಅಷ್ಟೆ. ಅದು ಬಾಗಿಲಿಗೆ ಬರುವುದೇ ಇಲ್ಲ. ಈಚಿನ ದಿನಗಳಲ್ಲಿ ಬ್ಯಾಂಕಿನವರೆಂದು ಹೇಳಿಕೊಂಡು ಟೆಲಿಫೋನು ಮಾಡಿ, ದೂರದಿಂದ ನಮ್ಮ ಗಣಕದ ಅಥವಾ ಮೊಬೈಲಿನ ತೆರೆಯನ್ನು ಕಾಣಬಲ್ಲ ತಂತ್ರಾಂಶವನ್ನು ನಮ್ಮ ಕೈಯಿಂದಲೇ ಹಾಕಿಸುವ ವಂಚಕರಿದ್ದಾರೆ. ಫೈರ್‌ವಾಲಿನ ಕಣ್ಣಿಗೆ ಅದು ಮನೆಯವರೇ ಮಾಡಿದ ಕರೆ. ಇಂತಹ ವಂಚನೆಯಿಂದ ಹಣ ಹೋದರೆ ತಡಮಾಡದೆ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು.

ಮನೆಯೊಳಗಿನ ಇತರ ಯಂತ್ರಗಳನ್ನೂ ಮರೆಯುವಂತಿಲ್ಲ. ಇಂದು ಬಹುಪಾಲು ಮನೆಗಳಿಗೆ ಸಂಪರ್ಕವು ರೂಟರ್ ಎಂಬ ಸಣ್ಣ ಪೆಟ್ಟಿಗೆಯ ಮೂಲಕ ಬರುತ್ತದೆ. ಸಾಮಾನ್ಯವಾಗಿ ಮನೆಯ ಎಲ್ಲ ಗಣಕ, ಮೊಬೈಲುಗಳಿಗೂ ಹೊರಗೆ ಕಾಣುವ ವಿಳಾಸವೊಂದೇ. ಯಾರ ಉತ್ತರ ಯಾರಿಗೆ ಸೇರಬೇಕೆಂದು ರೂಟರು ಗುರುತಿಟ್ಟುಕೊಂಡು ಹಂಚುತ್ತದೆ. ಯಾರೂ ಕೇಳದೆ ಬಂದ ಪೊಟ್ಟಣವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅದು ಬಿಸಾಡುವುದರಿಂದ, ಇದೂ ಒಂದು ಹೊರಬೇಲಿಯಾಗುತ್ತದೆ. ಹಾಗಾದರೆ ಗಣಕದೊಳಗಿನ ಫೈರ್‌ವಾಲ್ ಏಕೆ ಬೇಕು?

ಕಾಫಿ ಕೊಯ್ಲಿನ ಕಾಲವನ್ನು ನೆನೆಯಿರಿ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಕಳ್ಳರ ಭಯದಿಂದ ಕಣಕ್ಕೊಂದು ಕ್ಯಾಮೆರಾ ಹಾಕಿಸುವುದು ಈಗ ವಾಡಿಕೆ. ಬೆಂಗಳೂರಿನಲ್ಲಿರುವ ಮಗನೂ ಅದನ್ನು ನೋಡುವಂತಾಗಲಿ ಎಂದು, ಕ್ಯಾಮೆರಾ ಹಾಕುವವನು ರೂಟರಿನಲ್ಲಿ ಒಂದು ಬಾಗಿಲನ್ನು ತೆರೆದಿಟ್ಟು ಹೋಗಬಹುದು. ಕಾರ್ಖಾನೆಯಲ್ಲಿ ಕೊಟ್ಟ ಗುಪ್ತಪದವನ್ನು ಬದಲಿಸದೆಯೂ ಬಿಡಬಹುದು. ೨೦೧೬ರಲ್ಲಿ ಮಿರಾಯ್ ಎಂಬ ಹುಳುವು ಇಂತಹ ಕ್ಯಾಮೆರಾ ಮತ್ತು ರೂಟರುಗಳನ್ನೇ ಹುಡುಕಿ ಹಿಡಿಯಿತು. ಅದರ ಬಳಿ ಇದ್ದುದು ಕಾರ್ಖಾನೆಗಳು ಕೊಡುವ ಅರವತ್ತರಷ್ಟು ಹೆಸರು ಮತ್ತು ಗುಪ್ತಪದಗಳ ಪಟ್ಟಿ. ಹಾಗೆ ಸೆರೆಸಿಕ್ಕ ಯಂತ್ರಗಳೆಲ್ಲ ಸೇರಿ ಆ ವರ್ಷ ಅಕ್ಟೋಬರ್ ೨೧ರಂದು ಅಮೆರಿಕದ ಹಲವು ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಕಾಣದಂತೆ ಮಾಡಿದವು. ಕಳ್ಳನನ್ನು ಕಾಯಲು ಹಾಕಿದ ಕಣ್ಣೇ ಬೇಲಿಯಲ್ಲಿ ಕಂಡಿಯಾದ ಬಗೆಯಿದು. ಹೊರಬೇಲಿಯ ಒಳಗಿನ ಒಂದು ಯಂತ್ರ ಹೀಗೆ ಪರರ ಕೈವಶವಾದರೆ, ಗಣಕಕ್ಕೆ ಅಪಾಯವು ಮನೆಯೊಳಗಿನಿಂದಲೇ ಬರುತ್ತದೆ. ರೂಟರು ಅದನ್ನು ತಡೆಯಲಾರದು. ಗಣಕದ ಸ್ವಂತ ಫೈರ್‌ವಾಲ್ ತಡೆಯಬಲ್ಲುದು. ೨೦೧೭ರ ಮೇ ೧೨ರಂದು ಹೊರಬಿದ್ದ ವಾನಾಕ್ರೈ ಎಂಬ ಹುಳುವು ೪೪೫ನೆಯ ಬಾಗಿಲಿನ ಮೂಲಕ, ಒಂದೇ ಜಾಲದೊಳಗಿನ ಗಣಕದಿಂದ ಗಣಕಕ್ಕೆ ಹರಡಿ, ಕಡತಗಳನ್ನೆಲ್ಲ ಓದಲಾಗದಂತೆ ಬೀಗ ಹಾಕಿ, ಬಿಡುಗಡೆಗೆ ಮುನ್ನೂರು ಡಾಲರುಗಳನ್ನು ಕೇಳುತ್ತಿತ್ತು. ಅದರ ತೇಪೆಯೂ ಎರಡು ತಿಂಗಳ ಹಿಂದೆಯೇ ಬಂದಿತ್ತು. ಅಜ್ಜನ ಮಳೆಯ ಲೆಕ್ಕದಂತಹ ಕಡತಗಳಿಗೆ ಇಲ್ಲಿ ಫೈರ್‌ವಾಲೊಂದನ್ನೇ ನಂಬುವುದು ಜಾಣತನವಲ್ಲ. ಅವುಗಳ ಒಂದು ಪ್ರತಿಯನ್ನು ಬೇರೆ ತಟ್ಟೆಯಲ್ಲಿ ತೆಗೆದು, ತಂತಿಯನ್ನು ಬಿಚ್ಚಿ, ಬೀರುವಿನಲ್ಲಿ ಇಡಬೇಕು. ಬಿಚ್ಚಿಟ್ಟ ತಟ್ಟೆಯನ್ನು ಯಾವ ಹುಳುವೂ ತಲುಪಲಾರದು.

ಮಡಿಲಗಣಕವನ್ನು ಹೊರಗೆ ಒಯ್ಯುವವರು ಇನ್ನೊಂದನ್ನು ಗಮನಿಸಬೇಕು. ಹೊಸ ಸಂಪರ್ಕ ಸಿಕ್ಕಿದಾಗ, ಇದು ಖಾಸಗಿಯೋ ಸಾರ್ವಜನಿಕವೋ ಎಂದು ವಿಂಡೋಸ್ ವಿಚಾರಿಸುವುದುಂಟು. ವಿದ್ಯಾರ್ಥಿನಿಲಯ, ಹೋಟೆಲು, ರೈಲುನಿಲ್ದಾಣಗಳಲ್ಲಿ ನಮ್ಮ ಪಕ್ಕದ ಗಣಕ ಯಾರದೆಂದು ನಮಗೆ ತಿಳಿಯದು. ಅಂತಹ ಕಡೆ ಸಾರ್ವಜನಿಕ ಎಂದು ಹೇಳಿದರೆ ಫೈರ್‌ವಾಲ್ ಕಟ್ಟುನಿಟ್ಟಾಗಿ, ಕಡತ ಹಂಚುವ ಬಾಗಿಲುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿಯೂ ಹಂಚಿಕೊಳ್ಳಲು ಮುದ್ರಣಯಂತ್ರವಾಗಲಿ ಇನ್ನೊಂದು ಗಣಕವಾಗಲಿ ಇಲ್ಲದಿದ್ದರೆ ಸಾರ್ವಜನಿಕವೆಂದೇ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಯಾವುದೋ ಆಟವು ಸರಿಯಾಗಿ ನಡೆಯಲಿಲ್ಲವೆಂದು ಫೈರ್‌ವಾಲನ್ನೇ ಆರಿಸಿಬಿಡುವ ಹುಡುಗರಿದ್ದಾರೆ. ಅದು ಒಂದು ಗಾಡಿಗಾಗಿ ಬೇಲಿಯನ್ನೆಲ್ಲ ಕಿತ್ತಂತೆ. ಆ ಒಂದು ಆಟಕ್ಕೆ ಮಾತ್ರ ಅನುಮತಿ ಕೊಟ್ಟರೆ ಕೆಲಸವಾಗುತ್ತದೆ.

ಹೀಗೆ ಕೊಟ್ಟ ಅನುಮತಿಗಳೆಲ್ಲ ಫೈರ್‌ವಾಲಿನ ಪಟ್ಟಿಯಲ್ಲಿ ಉಳಿದಿರುತ್ತವೆ. ಮಳೆಗಾಲ ಕಳೆದ ಮೇಲೆ ತೋಟದವರು ಕತ್ತಿ ಹಿಡಿದು ಬೇಲಿಯನ್ನು ಸುತ್ತಿ ನೋಡುವರಷ್ಟೆ. ಎಲ್ಲಿ ಕಂಬ ಕೊಳೆತಿದೆ, ಎಲ್ಲಿ ಮರ ಬಿದ್ದು ತಂತಿ ಹರಿದಿದೆ ಎಂದು ಆಗ ಕಾಣುತ್ತದೆ. ಗಣಕದ ಪಟ್ಟಿಯನ್ನು ಕೂಡ ವರ್ಷಕ್ಕೆ ಎರಡು ಮೂರು ಸಲ ತೆರೆದು ಓದುವುದು ಒಳ್ಳೆಯದು. ಮೂರು ವರ್ಷದ ಹಿಂದೆ ಬೇಸಿಗೆಯ ರಜೆಯಲ್ಲಿ ಹಾಕಿ ಮರೆತ ಆಟದ ಹೆಸರು ಅಲ್ಲಿ ಇನ್ನೂ ಇರಬಹುದು. ಅದನ್ನು ತೆಗೆದುಹಾಕಿದರೆ ಏನೂ ಕೆಡುವುದಿಲ್ಲ. ಮತ್ತೆ ಎಂದಾದರೂ ಆ ಆಟ ಬೇಕಾದರೆ ಅದು ಬಾಗಿಲಿಗೆ ಬಂದು ಕೇಳುತ್ತದೆ.